ನನ್ನ ಹೆಸರಿನ ರಕ್ತ

ಜನವರಿ 6, ಸೋಮವಾರ

ಬೇರಿಂಗ್ ಅಂಗಡಿಯವನು ಹೊಸ ವರ್ಷಕ್ಕೆ ಡೈರಿ ಕೊಟ್ಟ. ಪ್ರತಿ ವರ್ಷ ಕೊಡುತ್ತಾನೆ, ಪ್ರತಿ ವರ್ಷ ಅಮ್ಮ ಅದರಲ್ಲಿ ಹಾಲಿನವನ ಗುರುತು ಗೀಚುತ್ತಾಳೆ. ಈ ಸಲ ಅವಳಿಗೆ ಕೊಡುವುದಿಲ್ಲ. ಬಾಯಿಗೆ ಬಂದದ್ದನ್ನು ಬೈದು ಮುಚ್ಚಿಡಲು ನನಗೂ ಒಂದು ಜಾಗ ಬೇಕು. ಮನೆಯಲ್ಲಿ ಬೈದರೆ ಮಗಳು ಓದುತ್ತಿದ್ದಾಳೆ ಎನ್ನುತ್ತಾರೆ. ಫ್ಯಾಕ್ಟರಿಯಲ್ಲಿ ಬೈದರೆ ಎಚ್‌ಆರ್‌ಗೆ ದೂರು ಹೋಗುತ್ತದೆ.

ಮೊದಲ ಬೈಗುಳ ರಾಣಿಗೆ. ಹೆಂಡತಿ ಎಂದು ರಿಯಾಯಿತಿ ಇಲ್ಲ. ನಿನ್ನೆ ಭಾನುವಾರದ ಊಟಕ್ಕೆ ಕೂತಿದ್ದೆ. ಮುದ್ದೆ, ಕೋಳಿ ಸಾರು. ಮೊದಲ ತುತ್ತು ಗಂಟಲಲ್ಲಿ ಇಳಿಯುವ ಮೊದಲೇ ಕೇಳಿದಳು.

"ರೀ, ನಾಳೆ ನೀವು ಹೋಗ್ಬಿಟ್ರೆ ನಮ್ ಗತಿ ಏನು?"

"ಎಲ್ಲಿಗೆ ಹೋಗ್ಲಿ? ಸೆಕೆಂಡ್ ಶಿಫ್ಟ್‌ಗಾ?"

"ತಮಾಷೆ ಬೇಡ. ಚಂದಾಪುರದ ಭಾವ ಹೋಗ್ಲಿಲ್ವಾ, ಹಂಗೆ."

ಅವಳ ದೊಡ್ಡಪ್ಪನ ಮಗಳ ಗಂಡ. ಕಳೆದ ತಿಂಗಳು ಬಚ್ಚಲಿನಲ್ಲಿ ಕುಸಿದವನು ಏಳಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವನು. ಈಗ ಆ ಹೆಂಗಸು ಮಸಾಲೆ ಪುಡಿ ಪ್ಯಾಕ್ ಮಾಡಲು ಹೋಗುತ್ತಾಳೆ, ಮಗ ಕಾಲೇಜು ಬಿಟ್ಟಿದ್ದಾನೆ. ಸಾವಿನ ಮನೆಗೆ ಹೋಗಿ ಬಂದ ದಿನದಿಂದ ರಾಣಿ ನನ್ನನ್ನು ನೋಡುವ ರೀತಿಯೇ ಬೇರೆ. ಸಂತೆಯಲ್ಲಿ ಕುರಿಯ ಬೆನ್ನು ಒತ್ತಿ ನೋಡುತ್ತಾರಲ್ಲ, ಹಾಗೆ.

ನನ್ನ ಮೇಲೆ ಒಂದು ಕೋಟಿಯ ವಿಮೆ ಮಾಡಿಸಬೇಕಂತೆ. ಕಂಪನಿ ನನಗೆ ಕೊಡುವ ಸಂಬಳ ನೆನೆದರೆ ನಗು ಬರುತ್ತದೆ. ಜಿಗಣಿಯಲ್ಲಿ ಕಬ್ಬಿಣದ ತಗಡು ಒತ್ತುವ ಪ್ರೆಸ್ ಶಾಪಿನ ಶಿಫ್ಟ್ ಇನ್‌ಚಾರ್ಜ್ ಅಂಬರೀಶ್, ಹೆಣವಾದರೆ ಮಾತ್ರ ಬೆಲೆಯುಳ್ಳವನು. ಸಾರು ಅಲ್ಲೇ ಬಿಟ್ಟು ಎದ್ದೆ.

ಜನವರಿ 12, ಭಾನುವಾರ

ಭಾಮೈದ ಬಂದಿದ್ದ. ಸಿದ್ಧಾರ್ಥ್, ರಾಣಿಯ ತಮ್ಮ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಿಮೆ ಏಜೆಂಟ್. ಬಿಳಿ ಷರ್ಟು, ಕೈಯಲ್ಲಿ ಟ್ಯಾಬ್, ಮುಖದಲ್ಲಿ ಡಾಕ್ಟರನ ಗಾಂಭೀರ್ಯ. ಚಿಕ್ಕವನಿದ್ದಾಗ ಇವನ ಮೂಗು ಒರೆಸಿದವನು ನಾನು.

"ಭಾವ, ಅರವತ್ತು ವರ್ಷದವರೆಗೂ ಕಟ್ಕೊಂಡು ಹೋಗೋದು. ಮಧ್ಯ ನಿಮಗೇನಾದ್ರೂ ಆದ್ರೆ ಅಕ್ಕನಿಗೆ ಪೂರ್ತಿ ದುಡ್ಡು."

"ಏನೂ ಆಗ್ಲಿಲ್ಲ ಅಂದ್ರೆ?"

"ಏನೂ ಬರಲ್ಲ."

"ಕಟ್ಟಿದ್ದು?"

"ಅದೂ ಬರಲ್ಲ ಭಾವ. ಟರ್ಮ್ ಪಾಲಿಸಿ ಅಂದ್ರೆ ಅದೇ."

"ಅಂದ್ರೆ ದುಡ್ಡು ವಸೂಲಾಗ್ಬೇಕಾದ್ರೆ ನಾನು ಟೈಮಿಗೆ ಸರಿಯಾಗಿ ಸಾಯ್ಬೇಕು."

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ಬಾಯಿ ಹಾಕಿದಳು. "ಬದುಕಿರೋನ್ ಮ್ಯಾಗೆ ಎಣದ್ ದುಡ್ಡು ಕಟ್ಟಾದಾ? ನಮ್ ವಂಸದಾಗೆ ಇಂಗೆ ಇರ್ಲಿಲ್ಲ ಕಣಪ್ಪ." ಬಹಳ ವರ್ಷಗಳ ಮೇಲೆ ನಾನೂ ಅಮ್ಮನೂ ಒಂದೇ ಪಕ್ಷ.

ಸಿದ್ಧಾರ್ಥ್ ನನ್ನ ಹಳೇ ಪಾಲಿಸಿಗಳನ್ನು ಕೇಳಿದ. ಇವೆ, ದಾಕ್ಷಿಣ್ಯದ ಪಾಲಿಸಿಗಳು. ಸೋದರತ್ತೆಯ ಮಗನಿಗೆ ಒಂದು, ಮಿಡ್ಲ್ ಸ್ಕೂಲಿನ ಮೇಷ್ಟ್ರಿಗೆ ಒಂದು, ಕೇಬಲ್‌ನವನಿಗೆ ಒಂದು. ಒಂದೆರಡು ಕಂತು ಕಟ್ಟಿ ಬಿಟ್ಟವು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಎಂದು ಮಾಡಿದ್ದು, ಅಷ್ಟೇ. ಹಳೇ ಫ್ಯಾಕ್ಟರಿಯ ಪಿಎಫ್ ಎಲ್ಲಿ ಎಂದು ಕೇಳಿದ. ತೆಗೆದೆ ಎಂದೆ. ಯಾತಕ್ಕೆ ಎಂದ. ನಾನು ಉತ್ತರ ಕೊಡುವ ಮೊದಲೇ ರಾಣಿ ಕಿಟಕಿಯ ಕಡೆ ಕೈ ತೋರಿಸಿದಳು. ಗೇಟಿನ ಹತ್ತಿರ ಬುಲೆಟ್ ನಿಂತಿತ್ತು.

"ಅರವತ್ತಾದ್ಮೇಲೆ ಹಸಿವಾದ್ರೆ ಅದನ್ನೇ ತಿಂತಾರಂತೆ," ಎಂದಳು.

ತಮ್ಮನ ಮುಂದೆ ನನ್ನ ಮಾನ ಹರಾಜು. ಅವನು ನಗಲಿಲ್ಲ, ಅದು ಇನ್ನೂ ಉರಿಯಿತು. ಹೋಗುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದ, "ಬ್ಲಡ್ ಟೆಸ್ಟ್ ಇರುತ್ತೆ ಭಾವ. ಯೂರಿನ್ನೂ. ಫಾರ್ಮಲ್ಲಿ ಎಲ್ಲಾ ನಿಜ ಬರೀರಿ, ಕ್ಲೇಮ್ ಟೈಮಲ್ಲಿ ತೊಂದರೆ ಆಗ್ಬಾರ್ದು."

ಆ ಮಾತು ಕೇಳಿ ಅಮ್ಮ ಅವರೆಕಾಯಿ ಬಿಡಿಸುವುದು ನಿಲ್ಲಿಸಿದಳು. ನಾನು ಟಿವಿ ಹಾಕಿದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಅಮ್ಮ ಎಳ್ಳುಬೆಲ್ಲ ಕೊಟ್ಟಳು. ರಾಣಿ ನನ್ನ ಬಟ್ಟಲಿನಿಂದ ಬೆಲ್ಲದ ಚೂರುಗಳನ್ನೆಲ್ಲ ಆರಿಸಿ ತೆಗೆದು ಎಳ್ಳು, ಕೊಬ್ಬರಿ ಮಾತ್ರ ಬಿಟ್ಟಳು. ಒಳ್ಳೇ ಮಾತಾಡು ಎಂದು ಕೊಡುವ ಎಳ್ಳುಬೆಲ್ಲದಲ್ಲಿ ಬೆಲ್ಲವೇ ಇಲ್ಲದಿದ್ದರೆ ಮಾತು ಎಲ್ಲಿಂದ ಒಳ್ಳೆಯದು ಬರಬೇಕು? ನಾನು ಎಷ್ಟು ಸಲ ನೀರು ಕುಡಿಯುತ್ತೇನೆ, ಎಷ್ಟು ಸಲ ಬಚ್ಚಲಿಗೆ ಹೋಗುತ್ತೇನೆ ಎಂದು ಇವಳು ಗಮನಿಸುತ್ತಿದ್ದಾಳೆ. ನನಗೆ ಗೊತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ದೊಡ್ಡಮುನಿಯಪ್ಪ ಎಂದರೆ ಈ ಕಡೆ ಎಲ್ಲರಿಗೂ ಗೊತ್ತಿದ್ದ ಆಳು, ತುಂಬಿದ ಎತ್ತಿನ ಗಾಡಿಯ ನೊಗವನ್ನು ಒಬ್ಬನೇ ಎತ್ತುತ್ತಿದ್ದ. ನಮ್ಮ ರಾಗಿ ಹೊಲ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಯಿತು. ಆ ಹೊಲದ ದುಡ್ಡು ಅಪ್ಪನ ಕಾಲಿಗೆ ಹೋಯಿತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಚೆಕ್ ಮಾಡಿಸುವವರೆಗೂ ಅಪ್ಪ ಗಟ್ಟಿಯಾಗಿದ್ದ. ಚೆಕ್ ಮಾಡಿಸಿದ ದಿನದಿಂದಲೇ ಕಾಯಿಲೆ ಶುರುವಾದದ್ದು. ನಾನು ಇವತ್ತಿನವರೆಗೂ ಚೆಕ್ ಮಾಡಿಸಿಲ್ಲ, ಗಟ್ಟಿಯಾಗಿದ್ದೇನೆ.

ಎಡಗಾಲಿನ ಹೆಬ್ಬೆರಳಿಗೆ ಸೇಫ್ಟಿ ಬೂಟು ಕಚ್ಚಿದೆ. ಹೊಸ ಸ್ಟಾಕು, ದರಿದ್ರ ಬೂಟು.

ಜನವರಿ 21, ಮಂಗಳವಾರ

ವಿಮೆಯ ಫಾರ್ಮಿಗೆ ಸಹಿ ಹಾಕಿದೆ. ರಾಣಿ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯಲೂ ಐಶ್ವರ್ಯಾಳನ್ನು ಕಳಿಸುತ್ತಿದ್ದಳು. ಮಗಳಿಗೆ ಪಿಯು ಪರೀಕ್ಷೆ ಹತ್ತಿರ. ಆ ಹುಡುಗಿ ಪುಸ್ತಕ ಹಿಡಿದುಕೊಂಡೇ ಬಂದು "ಅಪ್ಪ, ಊಟ" ಎಂದು ಹೇಳಿ ಹೋಗುವುದು ನೋಡಲಾರದೆ ಹಾಕಿದೆ. ಹೆದರಿ ಅಲ್ಲ.

ವಿಮೆ ಕಂಪನಿಯಿಂದ ರಾಣಿಗೆ ಫೋನ್ ಬಂತು. ನಾಮಿನಿ ನೀವೇನಾ ಎಂದರು, ಹೌದೆಂದಳು. ಗಂಡನ ಹೆಸರು ಹೇಳಿ ಎಂದರು. ಫೋನನ್ನು ಮಗಳ ಕೈಗೆ ಕೊಟ್ಟಳು, "ನೀನು ಹೇಳೇ." ಮದುವೆಯಾದಾಗಿನಿಂದ ನನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ಅಜ್ಜಿ ಹೇಳಿಕೊಟ್ಟದ್ದು. ಗಂಡ ಸತ್ತರೆ ಎಂದು ವಾರಗಟ್ಟಲೆ ಮಾತಾಡುವವಳು ಗಂಡನ ಹೆಸರಿಗೆ ಮಾತ್ರ ನಾಲಗೆ ಕಚ್ಚುತ್ತಾಳೆ. ಇದಕ್ಕೆ ಏನನ್ನುವುದು?

ಇನ್ನು ಉಳಿದದ್ದು ರಕ್ತ. ಲ್ಯಾಬಿನವನನ್ನು ಮನೆಗೆ ಬೇಡ, ಬೆಳಿಗ್ಗೆ ಫ್ಯಾಕ್ಟರಿಯ ಗೇಟಿಗೆ ಕಳಿಸು ಎಂದು ಸಿದ್ಧಾರ್ಥ್‌ಗೆ ಹೇಳಿದೆ. ಅವನು ಯಾಕೆಂದು ಕೇಳಲಿಲ್ಲ.

ನಮ್ಮ ಶಾಪಿನಲ್ಲಿ ಇದಕ್ಕೆ ದಾರಿ ಇದೆ. ವರ್ಷಕ್ಕೊಮ್ಮೆ ಪರ್ಮನೆಂಟ್‌ನವರಿಗೆಲ್ಲ ಹೆಲ್ತ್ ಚೆಕಪ್ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಕ್ಯೂ ನಿಲ್ಲುವವರು ಯಾರು? ಎಲ್ಲರೂ ತಮ್ಮ ತಮ್ಮ ಕಾಂಟ್ರಾಕ್ಟ್ ಹೆಲ್ಪರನ್ನು ಕಳಿಸುತ್ತಾರೆ. ರಿಪೋರ್ಟು ಆಫೀಸಿನ ಬೀರುವಿಗೆ ಹೋಗುತ್ತದೆ, ಯಾರೂ ತೆಗೆದು ನೋಡುವುದಿಲ್ಲ. ಹೆಲ್ಪರ್‌ಗಳಿಗೆ ಚೆಕಪ್ ಇಲ್ಲ, ಆದರೆ ಅಲ್ಲಿ ರಕ್ತ ಕೊಡುವವರೆಲ್ಲ ಅವರೇ. ನನ್ನ ಬದಲು ಯಾವಾಗಲೂ ಯಮನೂರ ಹೋಗುತ್ತಾನೆ. ಕೊಪ್ಪಳದ ಕಡೆಯವನು, ಶೀಟು ಎತ್ತುವ ಕೆಲಸ, ಚಂದಾಪುರದ ವಠಾರದಲ್ಲಿ ರೂಮು. ಕಬ್ಬಿಣದಂಥ ಮೈ. ಅವನ ರಕ್ತಕ್ಕೆ ಯಾವ ಕಂಪನಿಯಾದರೂ ಕಣ್ಣು ಮುಚ್ಚಿ ಪಾಲಿಸಿ ಕೊಡುತ್ತದೆ.

ಜನವರಿ 27, ಸೋಮವಾರ

ಆಯಿತು. ಸೆಕ್ಯುರಿಟಿ ಕೋಣೆಯಲ್ಲಿ ಲ್ಯಾಬಿನ ಹುಡುಗಿ ಸೂಜಿ ತೆಗೆದಳು. ಆಧಾರ್ ಕೇಳಿದಳು, ಯಮನೂರ ನನ್ನದು ಕೊಟ್ಟ. ಅದರ ಫೋಟೋದಲ್ಲಿ ನಾನೇ ನನ್ನ ಹಾಗಿಲ್ಲ. ಅವಳು ಒಮ್ಮೆ ಕಾರ್ಡು ನೋಡಿದಳು, ಒಮ್ಮೆ ಅವನನ್ನು ನೋಡಿದಳು, ಇನ್ನೂ ನಾಲ್ಕು ಮನೆ ಇದೆ ಎಂದು ಗಡಿಯಾರ ನೋಡಿದಳು.

"ಹೆಸರು?"

"ಅಂಬರೀಶ್ ರೀ."

ಬಾಟಲಿಯಲ್ಲಿ ಮೂತ್ರವನ್ನೂ ಕೊಟ್ಟ. ಹೊರಗೆ ಬಂದು ಕೇಳಿದ, "ಸರ, ಒಂದ್ ಚಾ ಕುಡಸ್ರಿ. ಸಕ್ರಿ ಮುಂದಿರ್ಲಿ." ಕ್ಯಾಂಟೀನಿನಲ್ಲಿ ಇಡ್ಲಿ ಕೊಡಿಸಿದೆ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡ. ಆಮೇಲೆ ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದ.

ರಾಣಿ ಇನ್ನು ತಣ್ಣಗಿರಲಿ.

ಫೆಬ್ರವರಿ 4, ಮಂಗಳವಾರ

ಸಿದ್ಧಾರ್ಥ್ ಫೋನ್ ಮಾಡದೆ ನೇರ ಮನೆಗೆ ಬಂದ. ಅವನು ಬೂಟು ಬಿಚ್ಚುವಾಗಲೇ ಮುಖ ನೋಡಿ ಏನೋ ಆಗಿದೆ ಎಂದುಕೊಂಡೆ.

"ಭಾವ, ರಿಜೆಕ್ಟ್ ಮಾಡವ್ರೆ. ಶುಗರ್ ತುಂಬಾ ಜಾಸ್ತಿ ಇದೆ. ಆರರೊಳಗೆ ಇರ್ಬೇಕಾದ ಮೂರು ತಿಂಗಳ ಸರಾಸರಿ ಹನ್ನೊಂದು ದಾಟಿದೆ. ಯೂರಿನಲ್ಲಿ ಪ್ರೋಟೀನ್ ಬೇರೆ ಹೋಗ್ತಿದೆ. ಕಿಡ್ನಿಗೆ ಹೊಡೀತಿದೆ ಅಂತ ಅರ್ಥ."

ರಾಣಿ ಗೋಡೆ ಹಿಡಿದು ಕೂತಳು. ಅಮ್ಮ "ಮುನೇಸ್ವರ" ಎಂದಳು. ನನಗೆ ಮೊದಲು ಬಂದದ್ದು ನಗು. ಇದು ನನ್ನದಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ಯಾರದ್ದು ಎಂದು ಹೊಳೆಯಿತು, ಬಾಯಿ ಮುಚ್ಚಿದೆ.

ಫೆಬ್ರವರಿ 6, ಗುರುವಾರ

ರಾಣಿ ವಿಮೆಯ ಸುದ್ದಿ ಎತ್ತುತ್ತಿಲ್ಲ. ದುಡ್ಡಿನ ಸುದ್ದಿ ಎತ್ತುತ್ತಿಲ್ಲ. ಬೆಳಿಗ್ಗೆ ಬಿಸಿ ರಾಗಿ ರೊಟ್ಟಿ, ಮೆಂತ್ಯದ ಸೊಪ್ಪು. ಸಂಜೆ ನಾನು ಬಂದ ಕೂಡಲೇ ನನ್ನ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊಬೈಲಿನ ಬೆಳಕು ಹಾಕಿ ಬೆರಳು ಬೆರಳು ನೋಡುತ್ತಾಳೆ. ಹೆಬ್ಬೆರಳಿನ ಗಾಯ ನೋಡಿ ಅತ್ತಳು. ಬೂಟಿನದು ಎಂದೆ, ನಂಬಲಿಲ್ಲ. ಅರಿಸಿನ ಹಚ್ಚಿದಳು.

ನಾಚಿಕೆ ಬಿಟ್ಟು ಬರೆಯುತ್ತೇನೆ, ಹಿತವಾಗಿತ್ತು. ಅವಳು ಹೀಗೆ ನನ್ನ ಕಾಲು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಇಷ್ಟು ಪ್ರೀತಿ ಒಳಗೆ ಇಟ್ಟುಕೊಂಡು ಅದನ್ನು ಕೋಟಿಯ ಭಾಷೆಯಲ್ಲಿ ಯಾಕೆ ಆಡಬೇಕಿತ್ತು? ತಪ್ಪು ಅವಳದೇ.

ಫೆಬ್ರವರಿ 10, ಸೋಮವಾರ

ಯಮನೂರನ ಮೇಲೆ ಸಿಟ್ಟು ಬರುತ್ತಿದೆ. ಒಂದು ಕೆಲಸ ಹೇಳಿದ್ದೆ, ಒಳ್ಳೇ ರಕ್ತ ಕೊಡುವುದು. ಅದೂ ಆಗಲಿಲ್ಲ.

ಇವತ್ತು ಮಧ್ಯಾಹ್ನ ಮತ್ತೆ ಲೈನು ಬಿಟ್ಟು ಹೊರಗೆ ಹೋದ. ಕಳೆದ ತಿಂಗಳು ಇದೇ ಕಾರಣಕ್ಕೆ ಬೀಡಿ ಸೇದೋಕೆ ಹೋಗ್ತಾನೆ ಎಂದು ರಿಪೋರ್ಟ್ ಬರೆದು ಅವನ ಓಟಿ ಕತ್ತರಿಸಿದ್ದೆ. ಇವತ್ತು ಹಿಂದೆ ಹೋಗಿ ನೋಡಿದೆ. ಪಾಯಿಖಾನೆಗೆ ಹೋಗಿ ಬಂದು ನಲ್ಲಿಗೆ ಬಾಯಿ ಇಟ್ಟು ನೀರು ಕುಡಿದ. ಬೀಡಿ ಇಲ್ಲ.

"ಏನೋ ಅದು, ಒಂಟೆ ಹಂಗೆ ಕುಡೀತೀಯ?"

"ಬ್ಯಾಸಿಗಿ ಬಂತಲ್ರಿ ಸರ."

ಫೆಬ್ರವರಿಗೆ ಎಂಥ ಬೇಸಿಗೆ? ಟೀ ಬಂತು, ಅವನ ಲೋಟ ಕಿತ್ತುಕೊಂಡು ನಾನೇ ಕುಡಿದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಹೇಳಬಹುದಿತ್ತು. ಹೇಳಿದರೆ ಅವನು ಹತ್ತು ಜನರ ಹತ್ತಿರ ಆಡುತ್ತಾನೆ, ಸುದ್ದಿ ಮನೆಗೆ ಬರುತ್ತದೆ, ನನ್ನ ರಕ್ತ ತೆಗೆಯಲು ಇನ್ನೊಬ್ಬಳು ಸೂಜಿ ಹಿಡಿದು ಬರುತ್ತಾಳೆ. ಬೇಡ.

ಫೆಬ್ರವರಿ 13, ಗುರುವಾರ

ರಾಣಿ ಚಂದಾಪುರದ ಕ್ಲಿನಿಕ್ಕಿಗೆ ರಿಪೋರ್ಟ್ ಹಿಡಿದು ಹೋಗಿದ್ದಳು. ಪೇಷೆಂಟನ್ನು ಕರೆದುಕೊಂಡು ಬನ್ನಿ ಎಂದರಂತೆ. ನಾನು ಹೋಗುವುದಿಲ್ಲ ಎಂದೆ. ಇವಳು ಬಿಡುವವಳಲ್ಲ, ಯಾವುದೋ ಮೆಡಿಕಲ್ ಶಾಪಿನಲ್ಲಿ ಕಾಡಿ ಬೇಡಿ ಮಾತ್ರೆ ತಂದಿದ್ದಾಳೆ. ಬೆಳಿಗ್ಗೆ ತಿಂಡಿಗೆ ಮೊದಲು ಒಂದು. ಎದುರಿಗೆ ನಿಂತು ನುಂಗಿಸುತ್ತಾಳೆ. ನಾಲಗೆಯ ಕೆಳಗೆ ಇಟ್ಟುಕೊಂಡು ಬೀದಿಗೆ ಬಂದು ಉಗಿದೆ.

ಉಗಿದ ಮೇಲೆ ಯೋಚನೆ ಬಂತು. ಮಾತ್ರೆ ಯಾರಿಗೆ ಸೇರಬೇಕೋ ಅವರಿಗೆ ಸೇರಿದರೆ ಆಯಿತಲ್ಲ.

ಫೆಬ್ರವರಿ 14, ಶುಕ್ರವಾರ

ಡಬ್ಬಿಯಿಂದ ಒಂದು ಹಿಡಿ ಮಾತ್ರೆ ತೆಗೆದು ಕಾಗದದಲ್ಲಿ ಪೊಟ್ಟಣ ಕಟ್ಟಿ ಯಮನೂರನಿಗೆ ಕೊಟ್ಟೆ.

"ಏನ್ರಿ ಸರ ಇದು?"

"ಶಕ್ತಿ ಮಾತ್ರೆ. ಕಂಪನಿಯವ್ರು ಕೊಟ್ಟಿರೋದು. ದಿನಾ ಬೆಳಿಗ್ಗೆ ಒಂದು ನುಂಗು."

"ಪರ್ಮನೆಂಟ್‌ನೋರಿಗೆ ಕೊಡೂದಲ್ರಿ?"

"ನನಗೆ ಬೇಡ. ತಗೋ ಅಂದ್ರೆ ತಗೊಳ್ಳೋ."

ಪೊಟ್ಟಣವನ್ನು ಹಣೆಗೆ ಒತ್ತಿಕೊಂಡು ಜೇಬಿಗೆ ಹಾಕಿದ. ಪ್ರಸಾದ ಎಂದುಕೊಂಡನೋ ಏನೋ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅವನಿಗೂ ಮದ್ದು, ನನಗೂ ಮರ್ಯಾದೆ. ಇದಕ್ಕಿಂತ ಹೆಚ್ಚಿಗೆ ಇನ್ನೇನು ಮಾಡಲಿ? ನಾನೇನು ಅವನ ಅಪ್ಪನೇ?

ಫೆಬ್ರವರಿ 20, ಗುರುವಾರ

ಯಮನೂರ ಇನ್ನೂ ನೀರು ಕುಡಿಯುತ್ತಲೇ ಇದ್ದಾನೆ. ಮಾತ್ರೆ ನುಂಗುತ್ತಿದ್ದೀಯಾ ಎಂದರೆ "ಭಾರಿ ಚೊಲೊ ಗುಳಿಗಿರಿ ಸರ" ಎನ್ನುತ್ತಾನೆ. ಅವನ ಟೀಗೆ ಸಕ್ಕರೆ ಹಾಕಬೇಡ ಎಂದು ಕ್ಯಾಂಟೀನಿನವನಿಗೆ ಹೇಳಿದರೆ, ಸರಗ ನನ್ನ ಮ್ಯಾಲ ಏನೋ ಸಿಟ್ಟೈತಿ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದಾನೆ. ಹೌದು, ಸಿಟ್ಟೇ.

ಬೂಟು ಬದಲಿಸಿ ಕೊಡಿ ಎಂದು ಸ್ಟೋರ್ಸ್‌ನವನ ಜೊತೆ ಜಗಳವಾಡಿದೆ. ಗಾಯ ಒಣಗುತ್ತಿಲ್ಲ.

ಫೆಬ್ರವರಿ 25, ಮಂಗಳವಾರ

ನಿನ್ನೆ ಯಮನೂರ ಬರಲಿಲ್ಲ. ಇವತ್ತು ತಡವಾಗಿ ಬಂದ. ಬೈಯಲು ಎದ್ದೆ.

"ಬಸಮ್ಮ ಬಿದ್ಲ್ರಿ ಸರ."

ಬಸಮ್ಮ ಅವನ ಹೆಂಡತಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ದಾಳೆ. ತಲೆಯ ಮೇಲೆ ಇಟ್ಟಿಗೆ, ಕಣ್ಣಿಗೆ ಕತ್ತಲೆ ಬಂದು ಮೆಟ್ಟಿಲಿನಿಂದ ಉರುಳಿದ್ದಾಳೆ. ಎಡಗೈ ಮುರಿದಿದೆ.

"ದವಾಖಾನ್ಯಾಗ ಸಕ್ರಿ ಭಾಳ ಇಳದೈತಿ ಅಂದ್ರು. ಏನ್ ಗುಳಿಗಿ ನುಂಗೀದಿ ಅಂತ ಕೇಳಿದ್ರು. ಕಂಪನಿ ಶಕ್ತಿ ಗುಳಿಗಿ ಅಂದ್ವಿ. ಅವ್ರು ನಕ್ರು."

"ಅವಳಿಗ್ಯಾಕೋ ಕೊಟ್ಟೆ? ನಿನಗಲ್ವೇನೋ ಕೊಟ್ಟಿದ್ದು?"

"ನನಗ್ಯಾಕ್ರಿ ಶಕ್ತಿ? ಆಕೀಗೆ ನಿಶ್ಶಕ್ತಿ ಇತ್ರಿ ಸರ. ಚೊಲೊ ಗುಳಿಗಿ ಅಂದ್ರಲ್ಲ, ಅದ್ಕ ಆಕೀಗೇ ಕೊಟ್ಟೆ."

ಕೆಳಗಿನ ಮೆಟ್ಟಿಲಿನಲ್ಲಿದ್ದಳಂತೆ. ಮೇಲಿನದರಲ್ಲಿದ್ದಿದ್ದರೆ?

ಫೆಬ್ರವರಿ 26, ಬುಧವಾರ

ಶಿವರಾತ್ರಿ. ರಜೆ. ಉಪವಾಸದ ನೆಪದಲ್ಲಿ ಮನೆಯಲ್ಲಿ ಕೂರದೆ ಮಧ್ಯಾಹ್ನ ಚಂದಾಪುರಕ್ಕೆ, ಯಮನೂರನ ವಠಾರಕ್ಕೆ ಹೋದೆ. ಸಾಲು ರೂಮುಗಳು, ಮುಂದೆ ಒಂದೇ ನಲ್ಲಿ. ಬಸಮ್ಮ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು. ಎದ್ದು ಚಾಪೆ ಹಾಸಲು ಹೋದಳು, ಒಂದು ಕೈಯಲ್ಲಿ.

ಕೂರಲಿಲ್ಲ. ನಿಂತೇ ಹೇಳಿದೆ. ರಕ್ತದ್ದು, ರಿಪೋರ್ಟಿನದ್ದು, ಮಾತ್ರೆಯದ್ದು. ಯಮನೂರ ನೆಲ ನೋಡುತ್ತಾ ಕೇಳಿಸಿಕೊಂಡ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಲ್ರೀ," ಎಂದಳು. ದನಿ ಏರಲಿಲ್ಲ. "ನಮ್ ಮನಿಯಾವನ ರಕ್ತ ತಗೊಂಡು ನಿಮ್ ಹೆಸರ ಬರಸಿದ್ರಿ. ರೋಗ ಅವಂದು ಅಂತ ಗೊತ್ತಾದ್ರೂ ಸುಮ್ನ ಕುಂತ್ರಿ. ಗುಳಿಗಿ ಕೊಟ್ರಿ, ಅದಕ್ಕೂ ಸುಳ್ಳ ಹೆಸರ ಇಟ್ರಿ. ಒಂದರ ಖರೇ ಹೆಸರೀಲೆ ಮಾಡೀರೇನು?"

"ಹೋಗ್ಲಿ ಬಿಡ," ಎಂದ ಯಮನೂರ. "ಸರ ಬೇಕಂತ ಮಾಡಿಲ್ಲ."

"ಬೇಕಂತನ ಮಾಡ್ಯಾರ. ಬ್ಯಾಡಂತ ಯಾರರ ಮಾಡ್ತಾರೇನು?"

ಕಟ್ಟಿನ ಖರ್ಚು ಕೊಡಲು ಜೇಬಿಗೆ ಕೈ ಹಾಕಿದೆ. ಬಸಮ್ಮ ಅದನ್ನು ನೋಡಿದಳು. "ಅದು ಆಮ್ಯಾಲ. ನಿಮ್ ಮನ್ಯಾಗ ಹೇಳೀರೇನು?"

"ಇಲ್ಲ."

"ಮದ್ಲ ಅಕಿಗೆ ಹೇಳ್ರಿ. ನಾನ ಬಂದು ಹೇಳಿದ್ರ ಚೊಲೊ ಇರಂಗಿಲ್ಲ."

ಹೊರಡುವಾಗ ಯಮನೂರ ಬುಲೆಟ್‌ವರೆಗೂ ಬಂದ. ಬೈಯಲು ಬಂದನೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಸರ, ಸಕ್ರಿ ಕಾಯ್ಲೆ ಅಂದ್ರ ಕೆಲ್ಸದಿಂದ ತಗೀತಾರೇನ್ರಿ? ಈಗ ಆಕೀದೂ ಕೆಲ್ಸ ಇಲ್ಲ."

ತೆಗೆಯಲ್ಲ ಎಂದೆ. ತೆಗೆಯುವುದು ಬಿಡುವುದು ನನ್ನ ಕೈಯಲ್ಲಿಲ್ಲ, ಕಾಂಟ್ರಾಕ್ಟರನ ಕೈಯಲ್ಲಿದೆ. ಅವನಿಗೆ ಅದು ಗೊತ್ತು, ಆದರೂ ತಲೆಯಾಡಿಸಿದ.

ಮಾರ್ಚ್ 1, ಶನಿವಾರ

ರಾಣಿಗೆ ಹೇಳಿದೆ. ಹುರುಳಿಕಾಳು ಆರಿಸುತ್ತಿದ್ದಳು. ನಾನು ಮುಗಿಸುವವರೆಗೂ ಕಲ್ಲು ತೆಗೆದು ಪಕ್ಕಕ್ಕೆ ಇಡುತ್ತಲೇ ಇದ್ದಳು.

"ಆ ಹೆಂಗಸಿನ ಕೈ ಹೆಂಗಿದೆ?" ಮೊದಲು ಕೇಳಿದ್ದು ಅದು.

"ಪ್ಲಾಸ್ಟರ್ ಹಾಕವ್ರೆ."

"ಹಂಗಾದ್ರೆ ನಿಮಗೆ ಶುಗರ್ ಇದ್ಯೋ ಇಲ್ವೋ?"

"ಗೊತ್ತಿಲ್ಲ."

"ಮತ್ತೆ ನಾನು ಇಷ್ಟು ದಿನ ಅತ್ತಿದ್ದು ಯಾರಿಗೆ?"

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಸಂಜೆ ನನ್ನ ಕಾಲು ನೋಡಲು ಬರಲಿಲ್ಲ. ನಾನೇ ಅರಿಸಿನ ಹಚ್ಚಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ನಿಮ್ಮಪ್ಪಾನೂ ಇಂಗೇಯ. ಬೆರಳು ಕರ್ರಗಾಗೋ ಗಂಟ ಚಪ್ಲಿ ಕಚ್ಚೈತೆ ಅಂತಿದ್ದ."

ಯಾರೂ ಕೇಳದಿದ್ದರೂ ಮಾತಾಡುವುದು ಇವಳ ಹುಟ್ಟುಗುಣ.

ಮಾರ್ಚ್ 4, ಮಂಗಳವಾರ

ಕಾಂಟ್ರಾಕ್ಟರನ ಜೊತೆ ಗೇಟಿನಲ್ಲೇ ಜಗಳ. ಹೆಲ್ಪರ್‌ಗಳ ಸಂಬಳದಲ್ಲಿ ಪಿಎಫ್, ಇಎಸ್‌ಐ ಎಂದು ಹಿಡಿಯುತ್ತಾನೆ. ಒಬ್ಬನಿಗೂ ಕಾರ್ಡು ಕೊಟ್ಟಿಲ್ಲ. ಇಎಸ್‌ಐ ಕಾರ್ಡಿದ್ದರೆ ಯಮನೂರನಿಗೆ ಡಾಕ್ಟರು, ಮಾತ್ರೆ ಎಲ್ಲಾ ಸಿಗುತ್ತದೆ, ಹೆಂಡತಿಗೂ ಸಿಗುತ್ತದೆ.

"ನಿಮಗ್ಯಾಕೆ ಸಾರ್ ಊರ ಉಸಾಬರಿ?" ಎಂದ.

"ನನ್ ಲೈನಿನೋನು ಕಣಯ್ಯ. ವಾರದೊಳಗೆ ಕಾರ್ಡ್ ಬರ್ಲಿಲ್ಲ ಅಂದ್ರೆ ಶೀಟ್ ನೀನೇ ಬಂದು ಎತ್ತು, ಒಬ್ಬನ್ನೂ ಲೈನಿಗೆ ಬಿಡಲ್ಲ."

ಮೊದಲಿನಿಂದಲೂ ಆ ಮನುಷ್ಯನ ಮುಖ ಕಂಡರೆ ನನಗೆ ಆಗುವುದಿಲ್ಲ. ಅದಕ್ಕೇ ಜಗಳವಾಡಿದ್ದು, ಬೇರೆ ಏನೂ ಇಲ್ಲ.

ರಾಣಿ ಮನೆಯಲ್ಲಿರಲಿಲ್ಲ. ಸಾರಿನ ಕ್ಯಾರಿಯರ್ ಹಿಡಿದು ಚಂದಾಪುರಕ್ಕೆ ಹೋಗಿದ್ದಾಳೆ ಎಂದಳು ಐಶ್ವರ್ಯಾ. ದೊಡ್ಡಪ್ಪನ ಮಗಳ ಮನೆಗಾ ಎಂದೆ. ಅಲ್ಲ, ಯಾರೋ ಬಸಮ್ಮ ಅಂತೆ ಎಂದಳು. ಇಬ್ಬರೂ ಸೇರಿ ನನ್ನನ್ನು ಎಷ್ಟು ಬೈದಿರಬಹುದು.

ಮಾರ್ಚ್ 6, ಗುರುವಾರ

ಸಿದ್ಧಾರ್ಥ್ ಬಂದ. ಅವನಿಗೆ ರಾಣಿ ಎಲ್ಲಾ ಹೇಳಿದ್ದಾಳೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ನೀರು ಕುಡಿದು ಮಾತಾಡಿದ.

"ಭಾವ, ಕಂಪನಿ ಲೆಕ್ಕದಲ್ಲಿ ಈಗ ಆ ಶುಗರ್ ನಿಮ್ದೇ. ಅಳಿಸೋಕಾಗಲ್ಲ. ನಡೆದದ್ದು ನಡೆದ ಹಾಗೆ ಬರೆದು ಕೊಡ್ಬೇಕು. ಪಾಲಿಸಿ ಕೊಡ್ತಾರೋ ಇಲ್ವೋ ನಾನು ಹೇಳಲ್ಲ. ನನ್ನ ಏಜೆನ್ಸಿಗೂ ಪೆಟ್ಟು ಬೀಳುತ್ತೆ, ಬೀಳ್ಲಿ."

"ಒಂದು ವೇಳೆ ಪಾಲಿಸಿ ಸಿಕ್ಕಿಬಿಟ್ಟಿದ್ರೆ?"

"ಇವತ್ತಿಗೂ ಪ್ರೀಮಿಯಂ ಕಟ್ತಾ ಇರ್ತಿದ್ರಿ. ನೀವು ಹೋದ್ಮೇಲೆ ತನಿಖೆ ಆಗೋದು. ಅಕ್ಕನ ಕೈಗೆ ಚಿಪ್ಪು."

ಇಷ್ಟು ಮೆತ್ತಗೆ ಯಾರೂ ನನ್ನನ್ನು ಇಲ್ಲಿಯವರೆಗೆ ಬೈದಿಲ್ಲ. ನಾನು ಮೂಗು ಒರೆಸಿದ ಹುಡುಗನ ಮುಂದೆ ತಲೆ ತಗ್ಗಿಸಿ ಕೂತೆ.

ರಾಣಿ ಅವನಿಗೆ ಬೇರೆ ಕೆಲಸ ಇಟ್ಟುಕೊಂಡಿದ್ದಳು. ಪೆನ್ಷನ್ ಖಾತೆ ತೆರೆಯಬೇಕಂತೆ, ಅವಳ ಹೆಸರಿನಲ್ಲಿ. ಮನೆಯಲ್ಲಿ ಬಟ್ಟೆ ಹೊಲಿದು ಗಳಿಸುವ ದುಡ್ಡಿನಿಂದ ತಿಂಗಳು ತಿಂಗಳು ಕಟ್ಟುತ್ತಾಳೆ. "ಇದಕ್ಕೆ ರಕ್ತ ಬೇಡ ತಾನೇ?" ಎಂದು ತಮ್ಮನನ್ನು ಕೇಳಿದಳು, ನನಗೆ ಕೇಳಿಸಲಿ ಎಂದೇ. ಆಮೇಲೆ ನನ್ನ ಕಡೆ ತಿರುಗಿದಳು.

"ನೀವು ಸತ್ರೆ ಮಾತ್ರ ಅಲ್ಲ ರೀ. ಬದುಕಿದ್ರೂ ದುಡ್ಡು ಬೇಕು. ನಾನು ಯೋಚ್ನೆ ಮಾಡಿದ್ದು ಎರಡೂ."

ಐದು ದಿನದ ಮೇಲೆ ಮಾತಾಡಿದಳು. ಎದ್ದು ಗೇಟಿಗೆ ಹೋಗಿ ಬುಲೆಟ್ ಒರೆಸುತ್ತಾ ನಿಂತೆ. ಸಿದ್ಧಾರ್ಥ್ ಹೊರಟಾಗ, ಯಾರಾದರೂ ಕೊಳ್ಳುವವರಿದ್ದರೆ ಹೇಳು ಎಂದೆ. ಹೇಗೂ ಮೈಲೇಜ್ ಕೊಡುತ್ತಿಲ್ಲ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಚಂದಾಪುರದ ಲ್ಯಾಬು. ಯಮನೂರ ಒಬ್ಬನೇ ಬರುವುದಿಲ್ಲ ಎಂದಿದ್ದ. ನೀವೂ ಕೊಟ್ರ ನಾನೂ ಕೊಡ್ತೀನ್ರಿ ಎಂದು ಶಿಫ್ಟಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟ. ಅವನನ್ನು ಹೊಡೆಯಬೇಕೆನಿಸಿತು. ಬಂದೆ.

ಬೆಂಚಿನ ಮೇಲೆ ನಾವಿಬ್ಬರು. ಎದುರಿನ ಬೆಂಚಿನಲ್ಲಿ ರಾಣಿ, ಬಸಮ್ಮ. ರಾಣಿ ಅವಳ ಪ್ಲಾಸ್ಟರಿನ ಕೆಳಗೆ ತನ್ನ ಸೆರಗನ್ನು ಮಡಿಸಿ ಇಟ್ಟಿದ್ದಳು. ಇಬ್ಬರೂ ನಮ್ಮನ್ನು ನೋಡುತ್ತಿರಲಿಲ್ಲ. ಬೂಟು ಹಾಕಲಾಗದೆ ನಾನು ಚಪ್ಪಲಿಯಲ್ಲಿ ಬಂದಿದ್ದೆ. ಅಪ್ಪನನ್ನು ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೂ ಅವನು ಒಂದೇ ಕಾಲಿಗೆ ಚಪ್ಪಲಿ ಹಾಕಿದ್ದ. ಹೆದರಿಕೆಯಾಯಿತು. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ, ತುಂಬಾ ಹೆದರಿಕೆಯಾಯಿತು. ಎದ್ದು ಓಡಲು ಬಾಗಿಲು ಎಷ್ಟು ದೂರ ಎಂದು ನೋಡಿಕೊಂಡೆ.

ಮೊದಲು ಯಮನೂರನನ್ನು ಕರೆದರು. ಸೂಜಿಯವನು ಹೆಸರು ಕೇಳಿದ. ಯಮನೂರ ನನ್ನ ಕಡೆ ತಿರುಗಿದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ.

"ಈ ಸಲ ಯಾರ ಹೆಸರ ಹೇಳ್ಲ್ರೀ ಸರ?"

"ನಿನ್ನದೇ ಹೇಳೋ."

"ಯಮನೂರ," ಎಂದ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಸೂಜಿ ಚುಚ್ಚಿದಾಗ ಮುಖ ಆ ಕಡೆ ಮಾಡಿದ. ಇಷ್ಟು ವರ್ಷ ನನ್ನ ಹೆಸರಿನಲ್ಲಿ ಕೊಡುವಾಗ ಒಮ್ಮೆಯೂ ಹಾಗೆ ಮಾಡಿದ್ದು ಕಂಡಿರಲಿಲ್ಲ.

ಆಮೇಲೆ ನನ್ನ ಸರದಿ. ಕುರ್ಚಿಯಲ್ಲಿ ಕೂತೆ. ಅವನು ರಬ್ಬರ್ ಪಟ್ಟಿ ಬಿಗಿದು ಚೀಟಿ ಬರೆಯಲು ಪೆನ್ನು ತೆಗೆದ.

"ಸಾರ್, ಹೆಸರು?"

ನಾನು ಸೂಜಿಯನ್ನೇ ನೋಡುತ್ತಿದ್ದೆ. ಅವನು ಮತ್ತೆ ಕೇಳಿದ. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ಬೆಂಚು ಸರಿದ ಸದ್ದಾಯಿತು. ರಾಣಿ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು.

"ಅಂಬರೀಶ್," ಎಂದಳು. "ಅಂಬರೀಶ್ ಅಂತ ಬರ್ಕೊಳ್ಳಿ."

ನಾನು ತೋಳು ಚಾಚಿದೆ.